ಎರಡು ಹೊಳ್ಳೆ ಐತೆ ಅಂತ ಎರಡು ಬಿಲ್ಲಾ?

ಹುಲಿಕೆರೆ ಚಿಕ್ಕಮ್ಮ ಆಸ್ಪತ್ರೆ ಚೀಟಿ ಎಲ್ಲಾ ಅಕ್ಕಿ ಡಬ್ಬದ ಮೇಲೆ ಒಂದು ಪ್ಲಾಸ್ಟಿಕ್ ಕವರಲ್ಲಿ ಇಟ್ಟಿರ್ತಾಳೆ. ಹೋದ ತಿಂಗಳು ಹಳೇಬೀಡಿಗೆ ಹೋದೋಳು ಹಂಗೇ ಅವಳ ಮನೆಗೂ ಹೋಗಿದ್ದೆ. ಅವರೆಕಾಯಿ ಸುಲೀತಾ ಕೂತಿರುವಾಗ ಆ ಕವರ್ ಬಿಚ್ಚಿ ನೋಡಿದೆ. ಮೂಗಿನೊಳಗೆ ಕ್ಯಾಮೆರಾ ಹಾಕಿ ನೋಡಿದ್ದಕ್ಕೆ ಬಲಗಡೆ ಅಂತ ಒಂದು ಸಾಲು, ಎಡಗಡೆ ಅಂತ ಇನ್ನೊಂದು ಸಾಲು. ಎರಡಕ್ಕೂ ಪೂರ್ತಿ ದುಡ್ಡು. ಡೇರಿ ಹಾಲಿನ ದುಡ್ಡು ಕೂಡಿಟ್ಟು ಕಟ್ಟಿದ್ಲಂತೆ.

ಅದಕ್ಕಿಂತ ಹೊಟ್ಟೆ ಉರಿದಿದ್ದು ಆಮೇಲಿನ ಮಾತಿಗೆ. ಕೆಮ್ಮು ನಿಲ್ಲದೆ ಇದ್ದಿದ್ದಕ್ಕೆ ಡಾಕ್ಟ್ರು ಬ್ರಾಂಕೋಸ್ಕೋಪಿ ಮಾಡಿಸಿ ಅಂದಿದ್ರು. ಇವಳು ನಾಲ್ಕು ತಿಂಗಳಿಂದ ಹೋಗೇ ಇಲ್ಲ. ಯಾಕೆ ಅಂದ್ರೆ, "ಮೂಗಿಗೇ ಎರಡು ತಗೊಂಡ್ರು, ಶ್ವಾಸಕೋಶನೂ ಎರಡಲ್ವೇನೇ?" ಅಂದ್ಲು.

ಆವತ್ತೇ ಸಂಜೆ ನಮ್ಮಕ್ಕನ ಮಗಳಿಗೆ ಫೋನ್ ಹಚ್ಚಿದೆ. ಅವಳು ಬೆಂಗಳೂರಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಬಿಲ್ಲಿಗೆ ಕೋಡ್ ಹಾಕೋ ಕೆಲಸ ಮಾಡ್ತಾಳೆ. ಅಲ್ಲಿ ಒಂದೊಂದು ಪರೀಕ್ಷೆಗೂ ಒಂದೊಂದು ನಂಬರ್. ಮೂಗಿನೊಳಗೆ ಬರೀ ನೋಡೋದಕ್ಕೆ 31231. ಒಂದು ಕಡೆ ನೋಡಿದ್ರೂ ಎರಡು ಕಡೆ ನೋಡಿದ್ರೂ ಅದೇ ಒಂದು ಕೋಡ್ ಅಂತ ಅದರ ಹೆಸರಲ್ಲೇ ಬರೆದೈತಂತೆ. ಬ್ರಾಂಕೋಸ್ಕೋಪಿಲಿ ಬರೀ ನೋಡೋದಕ್ಕೆ 31622. ನಳಿಗೆ ಇಳಿಯೋದು ಒಂದೇ ಶ್ವಾಸನಾಳದಲ್ಲಿ, ಅದು ಕೆಳಗೆ ಕವಲೊಡೆದಾಗ ಎರಡೂ ಕಡೆ ಇಣುಕಿ ನೋಡ್ತಾರೆ. ಅದೂ ಒಂದೇ ಲೆಕ್ಕ.

ನ್ಯಾಯನೂ ಅದೇ ಅಲ್ವಾ? ರವಿಕೆಗೆ ಎರಡು ತೋಳು ಐತೆ ಅಂತ ಟೈಲರ್ ಎರಡು ರವಿಕೆ ಕೂಲಿ ಕೇಳ್ತಾಳಾ?

ಎರಡು ಕಡೆ ಅಂದ ತಕ್ಷಣ ಎಲ್ಲಾ ಮೋಸ ಅಂತಲೂ ತಿಳ್ಕೋಬ್ಯಾಡಿ. ಎರಡೂ ಕಡೆ ಸೈನಸ್ ಆಪರೇಷನ್ ಮಾಡಿದ್ರೆ ಕೆಲಸ ನಿಜವಾಗ್ಲೂ ಜಾಸ್ತಿ. ಆಗ ಅಲ್ಲಿ ಕೋಡಿನ ಜೊತೆ 50 ಅನ್ನೋ ಗುರುತು ಹಾಕ್ತಾರೆ. ಅಲ್ಲಿನ ಸರ್ಕಾರದ ಮೆಡಿಕೇರ್ ವಿಮೆ ಅದಕ್ಕೂ ಎರಡರಷ್ಟು ಕೊಡಲ್ಲ, ಒಂದೂವರೆ ಪಟ್ಟು ಕೊಡುತ್ತೆ. ಮಂಪರು ಕೊಟ್ಟಿದ್ದು, ತಯಾರಿ ಮಾಡಿದ್ದು ಒಂದೇ ಸಲ ತಾನೇ. ಒಲೆ ಹಚ್ಚಿದ ಮೇಲೆ ಎರಡನೇ ಪಲ್ಯಕ್ಕೆ ಮತ್ತೆ ಒಲೆ ಹಚ್ಚಲ್ಲ ನೋಡಿ, ಹಂಗೆ.

ಆ ಕೋಡುಗಳು ನಮ್ಮೂರಿಗೆ ಕಾನೂನಲ್ಲ, ಒಪ್ತೀನಿ. ಆದ್ರೆ ನಮಗೂ ಒಂದು ಕಾನೂನೈತೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ಖಾಸಗಿ ಆಸ್ಪತ್ರೆಯೋರು ದರಪಟ್ಟಿನ ಜನಕ್ಕೆ ಕಾಣೋ ಹಂಗೆ ಇಡಬೇಕು. ನಾವು ತರಕಾರಿಯೋನ ಹತ್ರ ಎರಡು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡ್ತೀವಿ. ಆಸ್ಪತ್ರೆ ಕೌಂಟರ್ ಮುಂದೆ ಮಾತ್ರ ಬಾಯಿಗೆ ಬೀಗ. ಕೇಳಿದ್ರೆ ಡಾಕ್ಟ್ರು ಬೇಜಾರಾಗ್ತಾರೆ ಅನ್ನೋ ಭಯ. ಬಿಲ್ ಬರೆಯೋರು ಡಾಕ್ಟ್ರಲ್ಲ ಕಣ್ರೇ.

ಅದಕ್ಕೇ ನಾನು ಹೇಳೋದು ಇಷ್ಟು. ಪರೀಕ್ಷೆಗೆ ಮುಂಚೆನೇ ಕೇಳಿ, "ಇದು ಬರೀ ನೋಡೋದಾ, ಏನಾದ್ರೂ ತೆಗೆಯೋದೂ ಐತಾ? ಎರಡೂ ಕಡೆಗೆ ಸೇರಿ ಎಷ್ಟು?" ದುಡ್ಡು ಕಟ್ಟೋ ಮುಂಚೆ ಸಾಲು ಸಾಲಾಗಿ ಬರೆದ ಬಿಲ್ ಇಸ್ಕೊಳ್ಳಿ. ಒಂದೇ ಹೆಸರು ಎರಡು ಸಲ ಕಂಡ್ರೆ ಯಾಕೆ ಅಂತ ಕೇಳಿ. ಜಗಳ ಬ್ಯಾಡ, ಕೇಳಿ ಅಷ್ಟೇ.

ಚಿಕ್ಕಮ್ಮನ್ನ ಕರ್ಕೊಂಡು ಅದೇ ಕೌಂಟರಿಗೆ ಹೋಗಿ ಕೇಳಿದ್ವಿ. ಆ ಹುಡುಗ ಒಳಗೆ ಹೋಗಿ ಬಂದು ಒಂದು ಸಾಲಿನ ದುಡ್ಡು ವಾಪಸ್ ಕೊಟ್ಟ. ಆ ದುಡ್ಡು ದೊಡ್ಡದಲ್ಲ. ಬರೋ ಸೋಮವಾರ ಬ್ರಾಂಕೋಸ್ಕೋಪಿಗೆ ಬತ್ತೀನಿ ಅಂತ ಅವಳು ಒಪ್ಪಿದ್ಲಲ್ಲ, ಅದು ದೊಡ್ಡದು. ಬಿಲ್ಲಿನ ಒಂದು ತಪ್ಪು ಸಾಲು ಅವಳ ಎದೆಯೊಳಗಿನ ಕೆಮ್ಮನ್ನ ನಾಲ್ಕು ತಿಂಗಳು ಮುಚ್ಚಿಡ್ತು. ನಿಮ್ಮ ಅತ್ತೆ, ಅಮ್ಮನೂ ಹಿಂಗೇ ಯಾವುದಾದ್ರೂ ಪರೀಕ್ಷೆ ತಪ್ಪಿಸ್ಕೊಂಡು ಕೂತಿದ್ರೆ, ಹೆದರಿಕೆ ಕಾಯಿಲೆದಾ ಬಿಲ್ಲಿಂದಾ ಅಂತ ಒಂದು ಸಲ ಕೂರಿಸ್ಕೊಂಡು ಕೇಳಿ.