ಇಂಟರ್‌ವಲ್ ಮಾತು: ಅಭಿಮಾನಿ ಸಂಘಕ್ಕೆ ಯಾವ ಆಪು?

ಮೆಜೆಸ್ಟಿಕ್ಕಿನಲ್ಲಿ ಪತ್ರಿಕೆ ಕೊಂಡು, ಬಸ್ಸು ತುಮಕೂರು ದಾಟುವುದರೊಳಗೆ ಓದಿ ಮುಗಿಸುವ ಗೆಳೆಯರೇ, ಈ ವಾರ ತಾರೆಯರ ಸುದ್ದಿ ಇಲ್ಲ. ಬೈಯಬೇಡಿ! ದಾವಣಗೆರೆ ಕಡೆಯ ಅಭಿಮಾನಿ ಸಂಘವೊಂದರ ಹುಡುಗ ಕಾಗದ ಬರೆದಿದ್ದಾನೆ. ಸಂಘದ ಗುಂಪು ವಾಟ್ಸಾಪ್‌ನಲ್ಲಿದೆಯಂತೆ. ಅರ್ಧ ಜನ ಟೆಲಿಗ್ರಾಂಗೆ ಹೋಗೋಣ ಅಂತಾರೆ, ಒಬ್ಬನೇ ಒಬ್ಬ ಸಿಗ್ನಲ್ ಅಂತ ಹಟ ಹಿಡಿದಿದ್ದಾನೆ. ಯಾವುದು ಒಳ್ಳೇದು ಅಂತ ಪ್ರಶ್ನೆ. ಕಾಗದದ ಕೊನೆಗೆ, ಹೇಳಲೋ ಬೇಡವೋ ಎಂಬಂತೆ ಇನ್ನೊಂದು ಮಾತು. ಸಂಘ ಸೇರಿದ್ದ ಮೂವರು ಹುಡುಗಿಯರಲ್ಲಿ ಇಬ್ಬರು ಗುಂಪು ಬಿಟ್ಟು ಹೋದರಂತೆ. ರಾತ್ರಿ ಹನ್ನೊಂದರ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನು ಬರುತ್ತಿತ್ತಂತೆ.

ಈ ಅಂಕಣ ಬರೆಯುತ್ತಿರುವುದು ಆ ಕೊನೆಯ ಮಾತಿಗಾಗಿ.

ಮೂರು ಆಪುಗಳೂ ನನ್ನ ಫೋನಿನಲ್ಲಿವೆ, ದಿನಾ ಬಳಸುತ್ತೇನೆ. ವಾಟ್ಸಾಪ್ ಅಂದರೆ ಹೌಸ್‌ಫುಲ್ ಟಾಕೀಸು. 2009ರಲ್ಲಿ ಶುರುವಾಯಿತು, 2014ರಲ್ಲಿ ಫೇಸ್‌ಬುಕ್ಕಿನವರು 1,900 ಕೋಟಿ ಡಾಲರಿಗೆ ಕೊಂಡರು. ಅಪ್ಪ, ಅಮ್ಮ, ಹಾಲಿನವನು, ಸಂಘದ ಖಜಾಂಚಿ ಎಲ್ಲರೂ ಅಲ್ಲೇ ಇದ್ದಾರೆ. 2016ರಿಂದ ಸಂದೇಶಕ್ಕೆ ಪೂರ್ತಿ ಬೀಗ ಬಿದ್ದಿದೆ. ಹಿಂದೆ ಟಾಕೀಸಿನಿಂದ ಟಾಕೀಸಿಗೆ ರೀಲು ಡಬ್ಬ ಹೋಗುತ್ತಿತ್ತಲ್ಲ, ಹಾಗೆ. ಡಬ್ಬಕ್ಕೆ ಬೀಗ, ಕೀಲಿ ಕಳಿಸಿದವನ ಹತ್ತಿರ ಮತ್ತು ಪಡೆಯುವವನ ಹತ್ತಿರ ಮಾತ್ರ. ಸೈಕಲ್ ತುಳಿಯುವವನು ಒಳಗೇನಿದೆ ಅಂತ ನೋಡಲಾರ. ಆದರೆ ಡಬ್ಬ ಯಾರಿಂದ ಯಾರಿಗೆ ಹೋಯಿತು, ಎಷ್ಟು ಹೊತ್ತಿಗೆ ಹೋಯಿತು ಅನ್ನೋದು ಅವನಿಗೆ ಚೆನ್ನಾಗಿ ಗೊತ್ತು ಕಣ್ರೀ! ಬ್ಯಾಕಪ್ಪಿನ ಕಥೆ ಬೇರೆ. ಅದಕ್ಕೂ ಬೀಗ ಹಾಕುವ ಸೌಲಭ್ಯ 2021ರಲ್ಲೇ ಬಂದಿದೆ, ಆದರೆ ಸೆಟ್ಟಿಂಗಿಗೆ ಹೋಗಿ ನೀವೇ ಹಾಕಿಕೊಳ್ಳಬೇಕು.

ಇಷ್ಟಾದರೂ ಸಂಘಕ್ಕೆ ತೊಂದರೆ ಕಂಪನಿಯಿಂದಲ್ಲ. ಒಂದು ಗುಂಪಿಗೆ 1,024 ಜನ ಸೇರಬಹುದು, ಮತ್ತು ನಾನು ನೋಡಿದ ಸಂಘದ ಗುಂಪುಗಳಲ್ಲೆಲ್ಲ ಪ್ರತಿಯೊಬ್ಬರ ನಂಬರೂ ಎಲ್ಲರ ಕಣ್ಣಿಗೆ ಬೀಳುತ್ತದೆ. ಕಟೌಟಿಗೆ ಹಾರ ಹಾಕೋದಕ್ಕೆ ಬಂದ ಹುಡುಗಿಯ ನಂಬರನ್ನು ಕಟೌಟಿನ ಮೇಲೆಯೇ ಬರೆದ ಹಾಗಾಯಿತು.

ಟೆಲಿಗ್ರಾಂಗೆ ಹುಡುಗರು ಯಾಕೆ ಓಡುತ್ತಾರೆ ಅಂತ ನನಗೆ ಗೊತ್ತು, ನಿಮಗೂ ಗೊತ್ತು! 2013ರಲ್ಲಿ ರಷ್ಯಾದ ದುರೊವ್ ಸಹೋದರರು ಶುರು ಮಾಡಿದ್ದು. ಒಂದೇ ಗುಂಪಿಗೆ 2 ಲಕ್ಷ ಜನ, ಇಡೀ ಸಿನಿಮಾ ಹಿಡಿಸುವಷ್ಟು ದೊಡ್ಡ ಫೈಲು. ಶುಕ್ರವಾರ ಬಿಡುಗಡೆಯಾದ ಚಿತ್ರ ಶನಿವಾರಕ್ಕೆ ಅಲ್ಲಿ ಬಂದು ಕೂತಿರುತ್ತದೆ. ನಾಯಕನಿಗೆ ಹಾಲಿನ ಅಭಿಷೇಕ ಮಾಡಿ, ನಿರ್ಮಾಪಕನಿಗೆ ವಿಷ ಹಾಕಿದಂತೆ ಇದು. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆ ಓದಿಕೊಳ್ಳಿ. ಟಾಕೀಸಿನೊಳಗೆ ಮೊಬೈಲು ಹಿಡಿದು ಚಿತ್ರ ಕದ್ದವನಿಗೆ ಕನಿಷ್ಠ 3 ತಿಂಗಳು, ಹೆಚ್ಚೆಂದರೆ 3 ವರ್ಷ ಜೈಲು. ದಂಡ 3 ಲಕ್ಷದಿಂದ ಶುರುವಾಗಿ ನಿರ್ಮಾಣ ವೆಚ್ಚದ ಶೇಕಡಾ 5ರವರೆಗೆ ಏರುತ್ತದೆ.

ಅಲ್ಲಿ ನಂಬರು ಮುಚ್ಚಿಡಬಹುದು, ಅದು ನಿಜಕ್ಕೂ ಒಳ್ಳೇದು. ಆದರೆ ಟೆಲಿಗ್ರಾಂ ಅಂದರೆ ಗುಟ್ಟಿನ ಕೋಟೆ ಅಂತ ಎದೆ ತಟ್ಟುವವರಿಗೆ ಒಂದು ಮಾತು. ಆ ಪೂರ್ತಿ ಬೀಗ ಅಲ್ಲಿರೋದು ಇಬ್ಬರ ನಡುವಿನ ‘ಸೀಕ್ರೆಟ್ ಚಾಟ್’ಗೆ ಮಾತ್ರ. ಗುಂಪಿನ ಮಾತೆಲ್ಲ ಕಂಪನಿಯ ಉಗ್ರಾಣದಲ್ಲಿರುತ್ತದೆ, ಕೀಲಿಯೂ ಅವರ ಹತ್ತಿರವೇ. 2024ರ ಆಗಸ್ಟ್‌ನಲ್ಲಿ ಪಾವೆಲ್ ದುರೊವ್‌ನನ್ನು ಫ್ರಾನ್ಸ್ ಪೊಲೀಸರು ಬಂಧಿಸಿದರು. ಮುಂದಿನ ತಿಂಗಳೇ ನಿಯಮ ಬದಲಾಯಿತು. ಕಾನೂನುಬದ್ಧವಾಗಿ ಕೇಳಿದರೆ ಬಳಕೆದಾರರ ನಂಬರು, ಐಪಿ ವಿಳಾಸ ಕೊಡುತ್ತೇವೆ ಅಂದರು.

ಸಿಗ್ನಲ್ ಬಗ್ಗೆ ನನಗೆ ಪ್ರೀತಿ ಇದೆ, ಮುಚ್ಚಿಡೋದಿಲ್ಲ. ಒಂಟಿ ಮಾತಿಗೂ ಗುಂಪಿಗೂ ಪೂರ್ತಿ ಬೀಗ. 2016ರಲ್ಲಿ ಅಮೆರಿಕದಲ್ಲಿ ಕೋರ್ಟಿನ ಆದೇಶ ತಂದು ಮಾಹಿತಿ ಕೇಳಿದಾಗ ಅವರ ಹತ್ತಿರ ಕೊಡುವುದಕ್ಕಿದ್ದದ್ದು ಎರಡೇ: ಖಾತೆ ತೆರೆದ ದಿನ, ಕೊನೆಗೆ ಬಂದು ಹೋದ ದಿನ. 2024ರ ಫೆಬ್ರವರಿಯಿಂದ ನಂಬರು ಕೊಡದೆ ಬರೀ ಹೆಸರಿನಿಂದ ಪರಿಚಯ ಮಾಡಿಕೊಳ್ಳಬಹುದು. ಆದರೇನು, ಮ್ಯಾಟ್ನಿಗೆ ಹೋದರೆ ಗಾಂಧಿ ಕ್ಲಾಸಿನಲ್ಲಿ ನಾನೊಬ್ಬನೇ! ನನ್ನ ಗೆಳೆಯರ ಬಳಗದಲ್ಲಿ ಅದನ್ನು ಬಳಸುವವರು ಬೆರಳೆಣಿಕೆ.

ಹಾಗಾದರೆ ಏನ್ಮಾಡೋದು? ತಮ್ಮಾ, ಎಲ್ಲರನ್ನೂ ಎತ್ತಿಕೊಂಡು ಹೋಗಬೇಡ. ವಾಟ್ಸಾಪ್ ಗುಂಪು ಇರಲಿ, ಅಡ್ಮಿನ್‌ಗಳು ಮಾತ್ರ ಬರೆಯುವ ಹಾಗೆ ಮಾಡು. ಬಿಡುಗಡೆ ದಿನ, ರಕ್ತದಾನ ಶಿಬಿರ, ಟಿಕೆಟ್ಟಿನ ಸುದ್ದಿ ಅಷ್ಟೇ. ಕಮಿಟಿಯ ಹತ್ತು ಜನ ಸಿಗ್ನಲ್ಲಿಗೆ ಬನ್ನಿ, ಲೆಕ್ಕಪತ್ರ ಅಲ್ಲಿರಲಿ. ಯಾರ ಆಧಾರ್ ಫೋಟೋವನ್ನೂ ಯಾವ ಗುಂಪಿಗೂ ಹಾಕಬೇಡಿ. ಎಂಥ ಬೀಗವಿದ್ದರೂ ಗುಂಪಿನೊಳಗಿರುವವನು ಸ್ಕ್ರೀನ್‌ಶಾಟ್ ತೆಗೆಯೋದನ್ನು ತಡೆಯುವುದಿಲ್ಲ.

ಫಾರ್ವರ್ಡ್ ಮಾಡುವ ಚಟದವರನ್ನೂ ಅಡ್ಮಿನ್ ನೋಡಿಕೊಳ್ಳಬೇಕು. 2018ರ ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಪ್ಪಿಗೆ ಹೈದರಾಬಾದಿನ ಒಬ್ಬ ಯುವಕನನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು. ಸುಳ್ಳು ಹರಡಿದ್ದು ವಾಟ್ಸಾಪ್‌ನಲ್ಲಿ. ಬಂಧನವಾದವರಲ್ಲಿ ಗುಂಪಿನ ಅಡ್ಮಿನ್ನೂ ಒಬ್ಬ. ಅದೇ ತಿಂಗಳು ಕಂಪನಿ ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆಗೆ ಫಾರ್ವರ್ಡ್ ಅಂತ ಮಿತಿ ಹಾಕಿತು.

ಇನ್ನು ಆ ಇಬ್ಬರು ಹುಡುಗಿಯರು. ರಾತ್ರಿ ಫೋನು ಮಾಡಿದವನು ಹೊರಗಿನಿಂದ ಬಂದವನಲ್ಲ, ಸಂಘದ ಪಟ್ಟಿಯಲ್ಲೇ ಇದ್ದಾನೆ ಅಂತ ನನ್ನ ಅನುಮಾನ. ಆಪು ಬದಲಾಯಿಸಿದರೆ ಅವನೂ ಜೊತೆಗೇ ಬರ್ತಾನೆ. ಗುಂಪಿನಲ್ಲಿ ಉಳಿದಿರುವ ಆ ಮೂರನೆಯ ತಂಗಿಯ ಮೂಲಕ ಆ ನಂಬರು ಯಾವುದು ಅಂತ ಕೇಳಿಸಿ, ನಿಮ್ಮ ಪಟ್ಟಿಯ ಜೊತೆ ತಾಳೆ ನೋಡಿ. ಸಿಕ್ಕರೆ, ಅವನು ಎಷ್ಟು ಸಾವಿರ ಬ್ಯಾನರಿಗೆ ಕೊಟ್ಟಿದ್ದರೂ ಸರಿ, ಅವತ್ತೇ ತೆಗೆದುಹಾಕಿ. ಆ ಇಬ್ಬರು ದೂರು ಕೊಡಬೇಕೆಂದರೆ ಕಮಿಟಿಯವರು ಜೊತೆಗೆ ಪೊಲೀಸ್ ಸ್ಟೇಷನ್ನಿಗೆ ಹೋಗಿ. ಏನಾಯಿತು ಅಂತ ನನಗೊಂದು ಕಾಗದ ಹಾಕು ತಮ್ಮಾ, ಕಾಯ್ತಿರ್ತೀನಿ.