ಹೊಲ ಮಾರುವ ಮೊದಲು ಪಂಪ್ ಸರಿ ಹಿಡಿಯೋಣ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ತೊಗರಿ ರಾಶಿ ಶುರುವಾದರೆ ಊರೆಲ್ಲ ಧೂಳು. ನಮ್ಮ ಕರಾವಳಿಯ ಉಬ್ಬಸಕ್ಕೆ ಇಲ್ಲಿ ದಮ್ಮು ಅನ್ನುತ್ತಾರೆ. ಮದ್ರಸಕ್ಕೆ ಮೊಮ್ಮಗನನ್ನು ಬಿಡಲು ಬರುವ ಹಿರಿಯರೊಬ್ಬರು ಮೊನ್ನೆ ನಮ್ಮನ್ನು ಕೇಳಿದರು: "ಹಜರತ್, ಉಸಿರಿನ ನಳಿಗೆಗೆ ಕಾವು ಕೊಡೋ ಇಲಾಜ್ ಐತಂತಲ್ರೀ. ಎರಡೆಕರೆ ಹೊಲ ಮಾರಿ ಮಾಡಿಸಿದ್ರ ದಮ್ಮು ಪೂರಾ ಹೋಗ್ತೈತೇನ್ರೀ?"

ಆ ಇಲಾಜಿನ ಹೆಸರು ಬ್ರಾಂಕಿಯಲ್ ಥರ್ಮೋಪ್ಲಾಸ್ಟಿ. ಬಾಯಿ ಅಥವಾ ಮೂಗಿನಿಂದ ಟ್ಯೂಬ್ ಇಳಿಸಿ, ಶ್ವಾಸನಾಳದ ಒಳಗೋಡೆಗೆ ಸುಮಾರು 65 ಡಿಗ್ರಿ ಬಿಸಿ ಕೊಡುತ್ತಾರೆ. ನಾಳವನ್ನು ಬಿಗಿಯುವ ಸ್ನಾಯು ಇದರಿಂದ ಕಡಿಮೆಯಾಗುತ್ತದೆ. ಮೂರು ವಾರಗಳ ಅಂತರದಲ್ಲಿ ಮೂರು ಸಲ ಮಾಡಬೇಕು. ಅಮೆರಿಕದಲ್ಲಿ 2010ರಲ್ಲಿ ಅನುಮತಿ ಸಿಕ್ಕಿದ್ದು 18 ದಾಟಿದ, ಔಷಧಿಗೂ ಬಗ್ಗದ ತೀವ್ರ ಅಸ್ತಮಾದವರಿಗೆ ಮಾತ್ರ.

ಫಲ ಹೇಗೆ? 2010ರಲ್ಲಿ ಪ್ರಕಟವಾದ 288 ರೋಗಿಗಳ ಪರೀಕ್ಷೆಯಲ್ಲಿ, ಇಲಾಜು ಪಡೆದವರಲ್ಲಿ ಶೇ. 79 ಮಂದಿಯ ಬದುಕು ಹಗುರಾಯಿತು. ಆದರೆ ಟ್ಯೂಬ್ ಇಳಿಸಿ ಬಿಸಿ ಕೊಡದೆ ಬಿಟ್ಟವರಲ್ಲೂ ಶೇ. 64 ಮಂದಿ ಸುಧಾರಿಸಿದ್ದರು! ಮುಂದಿನ ತಿಂಗಳುಗಳಲ್ಲಿ ತೀವ್ರ ದಾಳಿಗಳು ಶೇ. 32ರಷ್ಟು ಕಡಿಮೆಯಾದವು, ನಿಜ. ಆದರೆ ಇಲಾಜಿನ ವಾರಗಳಲ್ಲಿ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದವರು ಇವರಲ್ಲೇ ಹೆಚ್ಚು: ಶೇ. 8.4, ಬಿಸಿ ಕೊಡದವರಲ್ಲಿ ಶೇ. 2. ಅಂದರೆ ಕೆಲವರಿಗೆ ಆಸರೆ, ರೋಗ ಪೂರ್ತಿ ಹೋಗುವುದಿಲ್ಲ.

ಹಿರಿಯರಿಗೆ "ನಿಮ್ಮ ಪಂಪ್ ತೋರಿಸಿ" ಎಂದೆವು. ಬಾಯಿಗೆ ಹೊಡೆದುಕೊಂಡರು, ಉಸಿರು ಒಳಗೆ ಎಳೆಯಲೇ ಇಲ್ಲ. ದಿನಾ ತೆಗೆದುಕೊಳ್ಳಬೇಕಾದ ಇನ್ನೊಂದು ಪಂಪನ್ನು "ಚಟ ಆಗ್ತೈತಿ" ಅಂತ ಬಿಟ್ಟೇ ಆರು ತಿಂಗಳು. ಇದು ಔಷಧಿಗೆ ಬಗ್ಗದ ಅಸ್ತಮಾ ಅಲ್ಲ, ಔಷಧಿ ಒಳಗೇ ಹೋಗದ ಅಸ್ತಮಾ. ಪಂಪ್ ಚಟವಲ್ಲ, ಮಾತ್ರೆಗಿಂತ ತೀರಾ ಕಡಿಮೆ ಔಷಧಿ ನೇರ ಶ್ವಾಸನಾಳಕ್ಕೆ ಹೋಗುತ್ತದೆ.

ನಮ್ಮ ಮನೆಗಳಲ್ಲೂ ಇದೇ ಕಥೆಯಲ್ಲವೇ? ಹೆಣ್ಣುಮಕ್ಕಳ ಪಂಪ್ ಮದುವೆ ಮಾತುಕತೆ ಮುಗಿಯುವವರೆಗೆ ಕಪಾಟಿನೊಳಗೆ. ರಂಝಾನ್ ಬಂದರೆ ಹಿರಿಯರು ಔಷಧಿಯನ್ನೇ ನಿಲ್ಲಿಸುತ್ತಾರೆ. ರೋಗಿಗೆ ಉಪವಾಸ ಬಿಡುವ ರಿಯಾಯಿತಿಯನ್ನು ಅಲ್ಲಾಹನೇ ಕೊಟ್ಟಿದ್ದಾನೆ. ವೈದ್ಯರಲ್ಲೂ ಉಸ್ತಾದರಲ್ಲೂ ಕೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಈ ನಾಲ್ಕೂ ತಾಲೂಕುಗಳ ಸರಕಾರಿ ಆಸ್ಪತ್ರೆಗಳಲ್ಲಿ ದಿನನಿತ್ಯದ ಪಂಪ್ ವರ್ಷವಿಡೀ ಸಿಗಲಿ. ಅದನ್ನು ಹಿಡಿಯುವ ಕ್ರಮವನ್ನು ನರ್ಸ್ ಒಬ್ಬರು ಕೂತು ಕಲಿಸಲಿ. ಅಷ್ಟಾದ ಮೇಲೂ ದಮ್ಮು ಬಗ್ಗದಿದ್ದರೆ ತಜ್ಞ ವೈದ್ಯರ ಹತ್ತಿರ ಆ ಇಲಾಜಿನ ಮಾತೆತ್ತೋಣ. ಅಲ್ಲಿಯವರೆಗೆ ಹೊಲ ಹೊಲವಾಗಿಯೇ ಇರಲಿ.