ಎರಡನೆಯ ಕೊಳ್ಳುಗನ ಹಕ್ಕು

ಮಗರ ಮನೆತನದ ರೈತರು ತಮ್ಮ ಹೊಲಗಳನ್ನು ಒಟ್ಟುಗೂಡಿಸಿ ಕಟ್ಟಿದ ಮಗರಪಟ್ಟಾ ನಗರವನ್ನು ಅರಿಯದವರು ಪುಣೆಯಲ್ಲಿ ವಿರಳ. ಅಲ್ಲಿನ ಕಚೇರಿಗಳಿಗೆ ನೌಕರಿಗೆಂದು ಬಂದವರು ಕೆಲವು ವರ್ಷಗಳಲ್ಲೇ ಬೇರೆ ಊರಿಗೆ ಹೊರಡುವುದುಂಟು. ಹೊರಡುವಾಗ ಮಂಚ, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ ಮುಂತಾದುವನ್ನು ಅಗ್ಗದ ಬೆಲೆಗೆ ಮಾರುತ್ತಾರೆ. ಹೊಸದನ್ನು ಕೊಳ್ಳುವ ಅನುಕೂಲವಿಲ್ಲದ ಮನೆಗಳಿಗೆ ಅವು ಬರುತ್ತವೆ. ಇದರಲ್ಲಿ ನಾಚಿಕೊಳ್ಳತಕ್ಕದ್ದೇನೂ ಇಲ್ಲ. ಜುನಾ ಬಾಜಾರದ ಸಂದಣಿಯನ್ನು ಕಂಡವರಿಗೆ ಇದನ್ನು ಹೇಳಬೇಕಾಗಿಯೂ ಇಲ್ಲ.

ಆದರೆ ಹೀಗೆ ಕೊಂಡ ಯಂತ್ರ ತಿಂಗಳೊಳಗೆ ಕೆಟ್ಟು ನಿಂತರೆ ಗತಿಯೇನು? ವಾರಂಟಿಯಲ್ಲಿ ಇನ್ನೂ ಹತ್ತು ತಿಂಗಳು ಉಳಿದಿದೆಯೆಂದು ಭಾವಿಸೋಣ. ಈ ಭರವಸೆ ಮೊದಲು ಕೊಂಡವರಿಗೆ ಮಾತ್ರವೆಂದು ಎಷ್ಟೋ ವಾರಂಟಿ ಚೀಟಿಗಳಲ್ಲಿ ಸಣ್ಣಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಮಾರಿದ ಗೃಹಸ್ಥರಾದರೋ ವ್ಯಾಪಾರಿಗಳಲ್ಲ. 1930ರ ಸರಕು ಮಾರಾಟ ಕಾಯಿದೆಯು ಗುಣದ ಹೊಣೆಯನ್ನು ಸಾಮಾನ್ಯವಾಗಿ ಹೊರಿಸುವುದು ಅಂಥ ಸರಕಿನ ವ್ಯಾಪಾರ ಮಾಡುವವರ ಮೇಲೆ.

1986ರ ಗ್ರಾಹಕ ರಕ್ಷಣಾ ಕಾಯಿದೆಯ ಸ್ಥಾನದಲ್ಲಿ ಬಂದ 2019ರ ಕಾಯಿದೆ, ದೋಷವುಳ್ಳ ವಸ್ತುವಿನಿಂದಾದ ಹಾನಿಗೆ ತಯಾರಕರನ್ನೇ ಹೊಣೆ ಮಾಡುತ್ತದೆ. ಇದು ದೊಡ್ಡ ಉಪಕಾರವೇ ಸರಿ. ಆದರೆ ವಸ್ತು ತಾನೇ ಕೆಟ್ಟುದು ಆ ಅಧ್ಯಾಯದಲ್ಲಿ ಹಾನಿಯೆನಿಸುವುದಿಲ್ಲ. ಯಂತ್ರ ಸಿಡಿದು ಕೈ ಸುಟ್ಟರೆ ಕೇಳಲು ದಾರಿಯಿದೆ, ಸುಮ್ಮನೆ ನಿಂತುಹೋದರೆ ಇಲ್ಲ! ಇನ್ನೊಂದು ವಿಚಿತ್ರವನ್ನೂ ನೋಡಿರಿ. ಬೆಲೆ ಕೊಟ್ಟು ಕೊಂಡವನಷ್ಟೇ ಅಲ್ಲ, ಅವನ ಒಪ್ಪಿಗೆಯಿಂದ ಬಳಸುವವನೂ ಗ್ರಾಹಕನೆಂದು ಕಾಯಿದೆ ಹೇಳುತ್ತದೆ. ಕಾಸು ಕೊಡದೆ ಬಳಸುವ ತಮ್ಮನಿಗೆ ಸ್ಪಷ್ಟವಾದ ರಕ್ಷಣೆ. ಕಾಸು ಕೊಟ್ಟು ಅದನ್ನೇ ಕೊಂಡೊಯ್ದ ನೆರೆಯವನ ವಿಷಯವನ್ನು ಬಿಡಿಸಿ ಹೇಳಿಲ್ಲ.

ವಾರಂಟಿಯು ವಸ್ತುವನ್ನು ಹಿಂಬಾಲಿಸಬೇಕೇ ಹೊರತು ಮನುಷ್ಯನನ್ನಲ್ಲವೆಂಬುದು ನಮ್ಮ ಅಭಿಪ್ರಾಯ. ಮೊದಲಿನವರು ಹೇಗೆ ಬಳಸಿದರೋ ಬಲ್ಲವರಾರು ಎಂದು ತಯಾರಕರು ಕೇಳಬಹುದು. ಮೊದಲಿನವರ ಮನೆಯೊಳಗಾದರೂ ಅವರೇನು ಇಣುಕಿ ನೋಡುತ್ತಿದ್ದರೆ? ಅವಧಿ ಬಿಲ್ಲಿನ ದಿನದಿಂದಲೇ ಎಣಿಸಲ್ಪಡುತ್ತದೆ. ಕೈ ಬದಲಾದರೆ ಅದು ಒಂದು ದಿನವೂ ಬೆಳೆಯುವುದಿಲ್ಲ. ಇದೇನೂ ಕೇಳರಿಯದ ಮಾತಲ್ಲ. ವಾಹನವನ್ನು ಮಾರಿದಾಗ ಅನ್ಯರಿಗಾಗುವ ಹಾನಿಯ ವಿಮೆಯು ಹೊಸ ಒಡೆಯನಿಗೆ ತಾನಾಗಿಯೇ ವರ್ಗವಾಯಿತೆಂದು 1988ರ ಮೋಟಾರು ವಾಹನ ಕಾಯಿದೆ ಎಣಿಸುತ್ತದೆ. ವಾಹನಕ್ಕೆ ಸಲ್ಲುವ ನ್ಯಾಯ ಒಗೆಯುವ ಯಂತ್ರಕ್ಕೇಕೆ ಸಲ್ಲಬಾರದು?

ಕಾಯಿದೆ ತಿದ್ದುಪಡಿಯಾಗುವವರೆಗೆ, ಮನೆಯಲ್ಲಿ ಹಿರಿಯರು ಇಂಥ ವಸ್ತುವನ್ನು ಕೊಳ್ಳುವಾಗ ವಿದ್ಯಾರ್ಥಿಗಳಾದ ನಾವು ಮೂಲ ಬಿಲ್ಲನ್ನೂ ವಾರಂಟಿ ಚೀಟಿಯನ್ನೂ ಕೇಳಿ ಪಡೆಯೋಣ. ಚೀಟಿಯ ಸಣ್ಣಕ್ಷರಗಳನ್ನು ಓದಿ ಹೇಳುವ ಕೆಲಸಕ್ಕೆ ನಮ್ಮ ಕಣ್ಣುಗಳೇ ಮೇಲು.